ಡ್ರ್ಯಾಗ್ ರೇಸ್ ಕಾರಿನ ಬೆನ್ನ ಮೇಲಿನ ರೆಕ್ಕೆ ವೇಗ ಹೆಚ್ಚಿಸುತ್ತದೆಯೇ? ಗಾಳಿಯ ಲೆಕ್ಕ ಬೇರೆಯೇ ಇದೆ

ಚಾವಣಿ ಇಲ್ಲದ ಹಳೇ ಕಾಲದ ಕಾರು. ಹಿಂದೆ ದಪ್ಪ ಟೈರು, ಮುಂದೆ ಸಣಕಲು ಟೈರು, ಬೆನ್ನ ಮೇಲೊಂದು ದೊಡ್ಡ ರೆಕ್ಕೆ. ಹಸಿರು ದೀಪ ಹತ್ತಿದ ಕೂಡಲೇ ಹೊಗೆ ಎಬ್ಬಿಸಿ ಹೊರಟರೆ ಕಣ್ಣು ಮಿಟುಕಿಸುವಷ್ಟರಲ್ಲಿ ಕಾಣೆ. ಇಂಥ ವಿಡಿಯೊಗಳು ಫೋನಿಂದ ಫೋನಿಗೆ ಹಾರುತ್ತಿರುತ್ತವೆ. ಜೊತೆಗೊಂದು ಸಾಲೂ ಇರುತ್ತದೆ: ರೆಕ್ಕೆ ಹಾಕಿಸಿದರೆ ಕಾರು ಹಗುರಾಗಿ ಓಡುತ್ತದೆ, ಮೈಲೇಜೂ ಹೆಚ್ಚುತ್ತದೆ ಅಂತ. ಇದರಲ್ಲಿ ನಿಜ ಎಷ್ಟು ಎಂದು ನೋಡೋಣ. ಮೊದಲೇ ಹೇಳಿಬಿಡುತ್ತೇವೆ: ರೆಕ್ಕೆಯ ವಿಷಯದಲ್ಲಿ ಆ ಸಾಲು ಪೂರ್ತಿ ತಲೆಕೆಳಗು.

ವಿಡಿಯೊದ ಕಾರಿಗೆ ರೋಡ್‌ಸ್ಟರ್ ಎನ್ನುತ್ತಾರೆ. ಎರಡು ಸೀಟಿನ, ತಲೆಯ ಮೇಲೆ ಚಾವಣಿ ಇಲ್ಲದ ಕಾರು. ಅಮೆರಿಕದ ಕ್ಯಾಲಿಫೋರ್ನಿಯಾದ ಹುಡುಗರು ಎರಡನೇ ಮಹಾಯುದ್ಧಕ್ಕೂ ಮೊದಲೇ ಫೋರ್ಡ್ ರೋಡ್‌ಸ್ಟರ್‌ಗಳ ಮಡ್‌ಗಾರ್ಡು, ಮುಂದಿನ ಗಾಜು ಎಲ್ಲ ಕಿತ್ತುಹಾಕಿ ಒಣಗಿದ ಕೆರೆಗಳ ಅಂಗಳದಲ್ಲಿ ಓಡಿಸುತ್ತಿದ್ದರು. ಈ ಹುಚ್ಚು ಬೀದಿಗೆ ಬಂದು ಅಪಘಾತಗಳಾಗತೊಡಗಿದಾಗ, ಅದನ್ನು ನಿಯಮಕ್ಕೆ ತರಲು ವಾಲಿ ಪಾರ್ಕ್ಸ್ 1951ರಲ್ಲಿ ನ್ಯಾಷನಲ್ ಹಾಟ್ ರಾಡ್ ಅಸೋಸಿಯೇಷನ್ ಕಟ್ಟಿದರು. ಪಂದ್ಯ ಸರಳ: ಇಬ್ಬರು, ನೇರ ದಾರಿ, ಕಾಲು ಮೈಲಿ, ಅಂದರೆ ಸುಮಾರು 402 ಮೀಟರ್. ಅಂದಹಾಗೆ, ಗಾಳಿಯ ಎಳೆತಕ್ಕೂ ಇಂಗ್ಲಿಷಿನಲ್ಲಿ ಡ್ರ್ಯಾಗ್ ಎಂದೇ ಹೆಸರು. ಇಬ್ಬರಿಗೂ ಒಂದೇ ಹೆಸರು ಬಿದ್ದಿರುವುದರಿಂದ ಗೊಂದಲ ಇನ್ನಷ್ಟು.

ಗಾಳಿ ಕೇಳುವ ಸುಂಕ

ನಡೆಯುವಾಗ ಗಾಳಿ ನಮ್ಮ ಗಮನಕ್ಕೇ ಬರುವುದಿಲ್ಲ. ಬೈಕಿನಲ್ಲಿ 80 ದಾಟಿದರೆ ಅದೇ ಗಾಳಿ ಎದೆಗೆ ಕೈಯಿಟ್ಟು ತಳ್ಳುತ್ತದೆ. ವೇಗ ಎರಡು ಪಟ್ಟಾದರೆ ಗಾಳಿಯ ತಡೆ ನಾಲ್ಕು ಪಟ್ಟಾಗುತ್ತದೆ. ಆ ತಡೆಯನ್ನು ಮೀರಲು ಎಂಜಿನ್ ಕೊಡಬೇಕಾದ ಶಕ್ತಿ ಎಂಟು ಪಟ್ಟು.

ಒಂದು ಲೆಕ್ಕ ಹಾಕೋಣ. ಒರಟು ಆಕಾರದ ರೋಡ್‌ಸ್ಟರ್ ಒಂದರ ಮುಂಭಾಗದ ವಿಸ್ತೀರ್ಣವನ್ನು ಅದರ ಆಕಾರದ ಗುಣಾಂಕದಿಂದ ಗುಣಿಸಿದರೆ ಒಂದು ಚದರ ಮೀಟರ್ ಬರುತ್ತದೆ ಎಂದಿಟ್ಟುಕೊಳ್ಳಿ. ಗಂಟೆಗೆ 120 ಕಿ.ಮೀ. ವೇಗದಲ್ಲಿ ಗಾಳಿಯನ್ನು ಎದುರಿಸಲು ಸುಮಾರು 30 ಅಶ್ವಶಕ್ತಿ ಸಾಕು. 240ಕ್ಕೆ ಹೋದರೆ ಸುಮಾರು 240 ಅಶ್ವಶಕ್ತಿ ಬೇಕು. ನಮ್ಮ ರಸ್ತೆಯ ಎರಡು ಮೂರು ಸಾಮಾನ್ಯ ಕಾರುಗಳ ಎಂಜಿನ್ ಸೇರಿಸಿದಷ್ಟು ಶಕ್ತಿ ಬರೀ ಗಾಳಿಗೆ ಹೋಯಿತು.

ಆದರೆ ಕಾರು ಹೊರಡುವಾಗ ವೇಗ ಸೊನ್ನೆ. ಮೊದಲ 60 ಅಡಿಯಲ್ಲಿ ಗಾಳಿ ಲೆಕ್ಕಕ್ಕೇ ಇಲ್ಲ, ಅಲ್ಲಿ ಎಲ್ಲವೂ ಟೈರಿನ ಹಿಡಿತದ ಮೇಲೆ ನಿಂತಿದೆ. ಓಟದ ಒಟ್ಟು ಸಮಯ ಬಹುಪಾಲು ಅಲ್ಲೇ ತೀರ್ಮಾನವಾಗುತ್ತದೆ. ಹೀಗಾಗಿ ಆಕಾರ ತಿದ್ದಿದರೆ ಕೊನೆಯ ಗೆರೆಯ ಹತ್ತಿರದ ವೇಗ ಚೆನ್ನಾಗಿ ಏರುತ್ತದೆ, ಒಟ್ಟು ಸಮಯ ಮಾತ್ರ ಚೂರೇ ಇಳಿಯುತ್ತದೆ. ಗಾಳಿಗೆಂದು ಭಾರವಾದ ಮುಚ್ಚಳಗಳನ್ನು ಜೋಡಿಸಿದರೆ ಆ ಭಾರವನ್ನು ಮೊದಲ ಅಡಿಯಿಂದಲೇ ಎಳೆಯಬೇಕು. ಗಳಿಸಿದ್ದು ಅಲ್ಲೇ ಕರಗಬಹುದು.

ಮೂತಿಗಿಂತ ಬಾಲ ಮುಖ್ಯ

ಕಾರು ಗಾಳಿಯನ್ನು ಚೂರಿಯ ಹಾಗೆ ಸೀಳುತ್ತದೆ, ಆದ್ದರಿಂದ ಮೂತಿ ಚೂಪಾಗಿರಬೇಕು ಎಂಬುದು ಬಹಳ ಜನರ ನಂಬಿಕೆ. ನೀರಿನ ಹನಿಯ ಚಿತ್ರವನ್ನು ನೆನಪಿಸಿಕೊಳ್ಳಿ: ಮುಂದೆ ದುಂಡು, ಹಿಂದೆ ಚೂಪು. ಆ ಆಕಾರದ ಎಳೆತದ ಗುಣಾಂಕ ಸುಮಾರು 0.05. ಚೆಂಡಿಗೆ 0.47. ಚೌಕ ಪೆಟ್ಟಿಗೆಗೆ ಒಂದಕ್ಕಿಂತ ತುಸು ಹೆಚ್ಚು. ಚೆಂಡಿಗೂ ಹನಿಗೂ ಮುಂಭಾಗ ಹೆಚ್ಚುಕಡಿಮೆ ಒಂದೇ, ವ್ಯತ್ಯಾಸ ಇರುವುದು ಹಿಂದೆ. ಮೈಗೆ ಅಂಟಿಕೊಂಡು ಬಂದ ಗಾಳಿ ಹಿಂದೆ ಮೆಲ್ಲಗೆ ಕೂಡಿಕೊಳ್ಳದೆ ಹರಿದುಹೋದರೆ ಅಲ್ಲಿ ಸುಳಿ ಏಳುತ್ತದೆ, ಒತ್ತಡ ಕುಸಿಯುತ್ತದೆ. ಆ ಖಾಲಿತನ ಕಾರನ್ನು ಹಿಂದಕ್ಕೆ ಎಳೆಯುತ್ತದೆ.

ರೋಡ್‌ಸ್ಟರ್‌ನ ದೊಡ್ಡ ಕಷ್ಟವೂ ಇದೇ. ಮುಂದಿನ ಗಾಜನ್ನು ಹಾರಿ ದಾಟಿದ ಗಾಳಿಗೆ ಮುಂದೆ ಚಾವಣಿ ಸಿಗುವುದಿಲ್ಲ. ಅದು ನೇರ ಸೀಟಿನ ಗುಂಡಿಗೆ ಬಿದ್ದು ಗಿರಗಿರ ಸುತ್ತುತ್ತದೆ. ಕನ್ವರ್ಟಿಬಲ್ ಕಾರಿನ ಚಾವಣಿ ತೆರೆದರೆ ಎಳೆತ ಏರುವುದೂ ಇದರಿಂದಲೇ. ಪಳಗಿದ ಕೈಗಳು ಗಾಜನ್ನು ತಗ್ಗಿಸಿ ಹಿಂದಕ್ಕೆ ವಾಲಿಸುತ್ತವೆ. ಪಂದ್ಯದ ನಿಯಮ ಒಪ್ಪಿದರೆ ಪಕ್ಕದ ಖಾಲಿ ಸೀಟನ್ನು ಮುಚ್ಚಿ, ಚಾಲಕನ ತಲೆಯ ಹಿಂದೆ ಇಳಿಜಾರಿನ ಹೊದಿಕೆ ಕೂರಿಸುತ್ತವೆ, ಹೊಟ್ಟೆಯಡಿ ನುಣುಪಾದ ತಗಡು ಹೊಡೆಯುತ್ತವೆ.

ಬಯಲಿಗೆ ಬಿದ್ದ ಚಕ್ರಗಳದ್ದು ಇನ್ನೊಂದು ಕಾಟ. ಕಾರು 240ರಲ್ಲಿ ಓಡುವಾಗ ಟೈರಿನ ನೆತ್ತಿ ಗಾಳಿಗೆ 480ರಲ್ಲಿ ಡಿಕ್ಕಿ ಹೊಡೆಯುತ್ತಿರುತ್ತದೆ, ಯಾಕೆಂದರೆ ಉರುಳುವ ಚಕ್ರದ ಮೇಲ್ತುದಿ ಕಾರಿನ ಎರಡು ಪಟ್ಟು ವೇಗದಲ್ಲಿ ಮುಂದಕ್ಕೆ ಹೋಗುತ್ತದೆ. ಮುಂದಿನ ಟೈರು ಸಣಕಲಾಗಿರಲು ಇದೂ ಒಂದು ಕಾರಣ. ಚಕ್ರದ ಕಡ್ಡಿಗಳ ಮೇಲೆ ಸಪಾಟು ಅಲ್ಯೂಮಿನಿಯಂ ತಟ್ಟೆ ಮುಚ್ಚುವ ಉಪಾಯವೂ ಹಳೆಯದು.

ಇದನ್ನೆಲ್ಲ ಪರೀಕ್ಷಿಸಲು ಕೋಟಿ ರೂಪಾಯಿಯ ಗಾಳಿಸುರಂಗವೇ ಬೇಕೆಂದಿಲ್ಲ. ಉಲ್ಲನ್ ದಾರದ ತುಂಡುಗಳನ್ನು ಕಾರಿನ ಮೈಗೆಲ್ಲ ಅಂಟಿಸಿ, ಪಕ್ಕದಲ್ಲಿ ಇನ್ನೊಂದು ಕಾರಿನಿಂದ ವಿಡಿಯೊ ಮಾಡಿದರೆ ಸಾಕು. ದಾರ ನೇರ ಮಲಗಿದಲ್ಲಿ ಗಾಳಿ ಅಂಟಿಕೊಂಡಿದೆ, ಕುಣಿದಾಡಿದಲ್ಲಿ ಕಿತ್ತುಹೋಗಿದೆ. ನಮಗೆ ಈ ಇಡೀ ವಿಷಯದಲ್ಲಿ ಅತಿ ಇಷ್ಟವಾದದ್ದು ಇದೇ.

ಹಾಗಾದರೆ ರೆಕ್ಕೆ ಯಾಕೆ?

ವಿಮಾನದ ರೆಕ್ಕೆ ಮೇಲಕ್ಕೆ ಎತ್ತುತ್ತದೆ. ರೇಸ್ ಕಾರಿನದು ಅದನ್ನೇ ಬೋರಲು ಹಾಕಿದ್ದು, ಕೆಳಕ್ಕೆ ಒತ್ತುತ್ತದೆ. ಹಿಂದಿನ ಚಕ್ರಗಳು ಜಾರದೆ ನೆಲ ಕಚ್ಚಲಿ ಎಂದು. ಈ ಒತ್ತಡ ಪುಕ್ಕಟೆ ಬರುವುದಿಲ್ಲ, ರೆಕ್ಕೆಯೇ ಗಾಳಿಯ ತಡೆಯನ್ನು ಹೆಚ್ಚಿಸುತ್ತದೆ. ಅಂದರೆ ಹಿಡಿತಕ್ಕಾಗಿ ವೇಗದ ಒಂದು ಪಾಲನ್ನು ಗೊತ್ತಿದ್ದೇ ಬಿಟ್ಟುಕೊಡುತ್ತಾರೆ. ಹಿಂದೆ ಅತಿಯಾಗಿ ಒತ್ತಿದರೆ ತಕ್ಕಡಿಯ ಹಾಗೆ ಮುಂಭಾಗ ಹಗುರಾಗುತ್ತದೆ. ಮೂತಿ ಸ್ವಲ್ಪ ಎದ್ದು ಹೊಟ್ಟೆಯಡಿ ಗಾಳಿ ನುಗ್ಗಿತೋ, ಕಾರು ಗಾಳಿಪಟ.

ಡಾನ್ ಗಾರ್ಲಿಟ್ಸ್ ಅನುಭವಿಸಿದ್ದು ಅದನ್ನೇ. 1986ರಲ್ಲಿ ಅವರು ಸ್ವಾಂಪ್ ರ‍್ಯಾಟ್ 30 ಎಂಬ ಕಾರು ತಂದರು. ಅದು ರೋಡ್‌ಸ್ಟರ್ ಅಲ್ಲ, ಉದ್ದನೆಯ ಡ್ರ್ಯಾಗ್‌ಸ್ಟರ್. ಚಾಲಕನ ಜಾಗಕ್ಕೆ ಮುಚ್ಚಳ, ಪುಟ್ಟ ಮುಂಚಕ್ರ, ನುಣುಪು ಮೂತಿ. ಫ್ಲಾರಿಡಾದ ಗೇನ್ಸ್‌ವಿಲ್‌ನಲ್ಲಿ ಅದು ಗಂಟೆಗೆ 272 ಮೈಲಿ, ಅಂದರೆ ಸುಮಾರು 438 ಕಿ.ಮೀ. ಮುಟ್ಟಿತು. ಕಾಲು ಮೈಲಿಯಲ್ಲಿ 270 ಮೈಲಿ ದಾಟಿದ ಮೊದಲ ಓಟ ಅದು. ಅದೇ ವರ್ಷ ನ್ಯೂಜೆರ್ಸಿಯ ಇಂಗ್ಲಿಷ್‌ಟೌನ್‌ನಲ್ಲಿ ಅದೇ ಕಾರಿನ ಮೂತಿ ಮೇಲೆದ್ದು, ಕಾರು ನೆಟ್ಟಗೆ ನಿಂತು ತಿರುಗಿ ಬಿತ್ತು. ಗಾರ್ಲಿಟ್ಸ್ ಪಾರಾದರು.

ನಿಲ್ಲಿಸುವಾಗ ಇದೇ ಗಾಳಿಯ ತಡೆ ಜೀವ ಉಳಿಸುತ್ತದೆ. ಗಂಟೆಗೆ 150 ಮೈಲಿ, ಅಂದರೆ 241 ಕಿ.ಮೀ. ತಲುಪುವ ಕಾರಿಗೆ ಪ್ಯಾರಾಚೂಟ್ ಕಡ್ಡಾಯ. 2008ರ ಜೂನ್‌ನಲ್ಲಿ ಅದೇ ಇಂಗ್ಲಿಷ್‌ಟೌನ್ ಟ್ರ್ಯಾಕಿನಲ್ಲಿ ಸ್ಕಾಟ್ ಕಲಿಟ್ಟಾ ಅವರ ಕಾರಿನ ಎಂಜಿನ್ ಸಿಡಿದು, ವೇಗ ಇಳಿಯದೆ, ಅವರು ತೀರಿಕೊಂಡರು. ಕೆಲವೇ ದಿನಗಳಲ್ಲಿ ಅತಿ ವೇಗದ ಎರಡು ವಿಭಾಗಗಳ ಓಟವನ್ನು 1,320 ಅಡಿಯಿಂದ 1,000 ಅಡಿಗೆ ಇಳಿಸಲಾಯಿತು.

ಈಗ ನಮ್ಮ ಮನೆ ಮುಂದಿನ ಕಾರಿಗೆ ಬರೋಣ. ಊರೊಳಗೆ 60ರಲ್ಲಿ ಓಡುವ ಸಣ್ಣ ಕಾರಿನ ಮೇಲೆ ಗಾಳಿಯ ತಡೆ ಸುಮಾರು 11 ಕೆ.ಜಿ. ಭಾರದಷ್ಟು. ಆ ವೇಗದಲ್ಲಿ ಅಂಗಡಿಯ ರೆಕ್ಕೆ ಒತ್ತುವುದೂ ಇಲ್ಲ, ಎತ್ತುವುದೂ ಇಲ್ಲ. ಇಂಥ ಕಾರುಗಳಲ್ಲಿ ಹೆಚ್ಚಿನವನ್ನು ಎಳೆಯುವುದು ಮುಂದಿನ ಚಕ್ರ, ಹಿಂದೆ ಒತ್ತಿದರೂ ಹಿಡಿತಕ್ಕೆ ಲಾಭವಿಲ್ಲ. ಕಂಪನಿಯವರೇ ಚಾವಣಿಯ ತುದಿಗೆ ಕೊಡುವ ಪುಟ್ಟ ಅಂಚಿನ ಕಥೆ ಬೇರೆ. ಗಾಳಿ ಹರಿಯುವ ಜಾಗವನ್ನು ಅಳೆದು ಮಾಡಿದ್ದು ಅದು. ಮೈಲೇಜು ಬೇಕಿದ್ದರೆ ಚಾವಣಿಯ ಮೇಲೆ ಖಾಲಿ ಕೂತಿರುವ ಕ್ಯಾರಿಯರ್ ಬಿಚ್ಚಿಡಿ. ಟೈರಿನ ಗಾಳಿ ನೋಡಿಕೊಳ್ಳಿ.

ಇನ್ನು, ಇಂಥ ವಿಡಿಯೊ ನೋಡಿ ರಾತ್ರಿ ಖಾಲಿ ರಸ್ತೆಯಲ್ಲಿ ಗೆಳೆಯನ ಜೊತೆ ಪಂದ್ಯ ಕಟ್ಟುವವರಿಗೆ: ರಾಜ್ಯ ಸರ್ಕಾರದ ಲಿಖಿತ ಒಪ್ಪಿಗೆ ಇಲ್ಲದೆ ಸಾರ್ವಜನಿಕ ಜಾಗದಲ್ಲಿ ರೇಸ್ ಮಾಡಿದರೆ ಮೋಟಾರು ವಾಹನ ಕಾಯ್ದೆಯ 189ನೇ ಸೆಕ್ಷನ್ ಪ್ರಕಾರ ಮೂರು ತಿಂಗಳವರೆಗೆ ಜೈಲು, ಅಥವಾ 5,000 ರೂಪಾಯಿವರೆಗೆ ದಂಡ, ಅಥವಾ ಎರಡೂ. ಎರಡನೇ ಸಲ ಸಿಕ್ಕಿಬಿದ್ದರೆ ಒಂದು ವರ್ಷದವರೆಗೆ ಜೈಲು, ಅಥವಾ 10,000ದವರೆಗೆ ದಂಡ, ಅಥವಾ ಎರಡೂ.