ಗೋಡೆಯೊಳಗೆ ಸಮುದ್ರ ಬೇಕಂತೆ

1/6
ಮೊನ್ನೆ ಸ್ಟೋರಿ ಹಾಕಿದ್ನಲ್ಲ, ಮಾವನ ಹೊಸ ಮನೆಯ ಹಾಲ್ ಗೋಡೆಯಲ್ಲಿ ಏಳು ಅಡಿ ಉದ್ದದ ತೂತು. ಟಿವಿ ಯೂನಿಟ್ಟಾ ಅಂತ ಎಷ್ಟೋ ಜನ ಕೇಳಿದ್ರಿ. ಅಲ್ಲ. ಅಲ್ಲಿ ರೀಫ್ ಟ್ಯಾಂಕ್ ಬರುತ್ತಂತೆ. ಉಪ್ಪು ನೀರು, ಜೀವಂತ ಹವಳ, ನೀಲಿ ಲೈಟು, ಈ ಕಡೆ ಹಾಲ್, ಆ ಕಡೆ ಡೈನಿಂಗ್. ಇದನ್ನ ಹೇಳಿದ ತಕ್ಷಣ ಅರ್ಧ ಕ್ಲಾಸ್ "ಗೋಲ್ಸ್ ಮಗಾ" ಅಂತ ರಿಪ್ಲೈ ಮಾಡ್ತು. ನನ್ನ ಪ್ರಕಾರ ಗೋಲ್ಸ್ ಅಲ್ಲ. ಯಾಕೆ ಅಂತ ಬರೀತೀನಿ, ಉದ್ದ ಆಗುತ್ತೆ, ಆಗಲಿ.

ಮೊದಲೇ ಹೇಳ್ಬಿಡ್ತೀನಿ, ಮೀನು ಸಾಕೋದಕ್ಕೆ ನನ್ನ ವಿರೋಧ ಇಲ್ಲ. ನನ್ನ ರೂಮಲ್ಲೇ ಎರಡು ಅಡಿ ಟ್ಯಾಂಕಲ್ಲಿ ಗಪ್ಪಿಗಳಿವೆ, ಮೂರು ವರ್ಷದಿಂದ. ಮತ್ತೆ ರೀಫ್ ಟ್ಯಾಂಕ್ ಚೆನ್ನಾಗಿ ಕಾಣುತ್ತೆ, ಅದೂ ನಿಜ. ಚೆನ್ನಾಗಿ ಕಾಣೋದೇ ಇಲ್ಲಿ ತೊಂದರೆ.

2/6
"ಬಿಕಾಂ ಓದ್ತಿದ್ದೀಯಲ್ಲ, ಈ ಎಸ್ಟಿಮೇಟ್ ಸ್ವಲ್ಪ ನೋಡೇ" ಅಂತ ಮಾವನೇ ಕರೆದಿದ್ದು. ನೋಡಿದೆ. ಗಾಜು, ಕ್ಯಾಬಿನೆಟ್, ಪಂಪು, ಲೈಟು, ಚಿಲ್ಲರ್, ಸ್ಕಿಮ್ಮರ್, ಎಲ್ಲಕ್ಕೂ ಜಿಎಸ್‌ಟಿ ಹಾಕಿ ನೀಟಾಗಿದೆ. ಕೊನೇ ಸಾಲು ಮಾತ್ರ ಬೇರೆ ಥರ: "ಲೈವ್ ಸ್ಟಾಕ್ - ಕ್ಯಾಶ್".

ಮಾವನ ಜೊತೆ ಅಂಗಡಿಗೂ ಹೋದೆ. ಹವಳಕ್ಕೆ ಬಿಲ್ ಕೊಡ್ತೀರಾ ಸಾರ್ ಅಂದೆ. ಬೇಕಾದ್ರೆ "ಅಕ್ಸೆಸರೀಸ್" ಅಂತ ಬರ್ಕೊಡ್ತೀನಿ ಮೇಡಂ ಅಂದ್ರು. ಒಂದು ಪ್ರಾಣಿ ಬಿಲ್ಲಲ್ಲಿ ಅಕ್ಸೆಸರಿ ಆಗೋದು ಯಾವಾಗ ಹೇಳಿ? ಅದರ ಹೆಸರು ಬರೆಯೋಕೆ ಆಗದೇ ಇದ್ದಾಗ.

ಹೌದು, ಹವಳ ಪ್ರಾಣಿ. ಕಲ್ಲೂ ಅಲ್ಲ, ಗಿಡವೂ ಅಲ್ಲ. ರೀಫ್ ಕಟ್ಟೋ ಗಟ್ಟಿ ಹವಳಗಳೆಲ್ಲ 2001ರಿಂದ ನಮ್ಮ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಪರಿಶಿಷ್ಟದಲ್ಲಿವೆ. ಹುಲಿ, ಆನೆ ಇರೋ ಅದೇ ಪಟ್ಟಿ. ಕಡಲ ಬೀಸಣಿಗೆ ಹವಳ, ಕಡಲಕುದುರೆ ಕೂಡ ಅದರಲ್ಲೇ ಇವೆ. ಆ ಪಟ್ಟಿಯ ಪ್ರಾಣಿ ವಿಷಯದಲ್ಲಿ ಅಪರಾಧ ಸಾಬೀತಾದ್ರೆ 3ರಿಂದ 7 ವರ್ಷ ಜೈಲು. ಹುಲಿ ಮರಿ ತಂದು ಹಾಲಲ್ಲಿ ಕಟ್ಟಿ ಹಾಕಿದ್ರೆ ಯಾರೂ ಗೋಲ್ಸ್ ಅನ್ನಲ್ಲ ಅಲ್ವಾ?

"ಇದು ಫಾರಿನ್ನಿಂದ ಬಂದಿದ್ದು, ಫಾರ್ಮಲ್ಲಿ ಬೆಳೆಸಿದ್ದು" ಅಂತಾರೆ. ಇರಬಹುದು. ಗಟ್ಟಿ ಹವಳ ಒಂದು ದೇಶದಿಂದ ಇನ್ನೊಂದಕ್ಕೆ ಹೋಗ್ಬೇಕಾದ್ರೆ ಸೈಟಿಸ್ ಒಪ್ಪಂದದ ಪರ್ಮಿಟ್ ಬೇಕು. ಅದನ್ನ ತೋರಿಸಿ ಅಂದೆ. ಅಂಗಡಿಯವರು ಮಾವನ ಕಡೆ ತಿರುಗಿ ಮಾತು ಶುರು ಮಾಡಿದ್ರು.

3/6
ಮೀನಿಗೆ ಬರೋಣ. ಮಾವನ ಮಗನಿಗೆ ಡೋರಿ ಬೇಕಂತೆ. ಸಿನಿಮಾ ನೋಡಿ ಎಲ್ಲರಿಗೂ ಬೇಕು. ಆ ನೀಲಿ ಮೀನು ಒಂದು ಅಡಿ ತನಕ ಬೆಳೆಯುತ್ತೆ, ರೀಫ್ ಉದ್ದಕ್ಕೂ ಈಜಿಕೊಂಡಿರೋ ಜಾತಿ. ಸಾಕಿದ ಜಾಗದಲ್ಲಿ ಅದರ ಮರಿ ಬೆಳೆಸೋಕೆ ಮೊದಲ ಸಲ ಸಾಧ್ಯವಾಗಿದ್ದೇ 2016ರಲ್ಲಿ, ಫ್ಲೋರಿಡಾದಲ್ಲಿ. ಅಂಗಡಿಗೆ ಬರೋದು ಈಗಲೂ ಬಹುಪಾಲು ಸಮುದ್ರದಿಂದ ಹಿಡಿದಿದ್ದೇ. ಫಿಲಿಪ್ಪೀನ್ಸ್, ಇಂಡೋನೇಷ್ಯಾ ಕಡೆ ಮೀನಿಗೆ ಮಂಪರು ಬರಿಸೋಕೆ ಸಯನೈಡ್ ಸಿಂಪಡಿಸಿ ಹಿಡಿಯೋ ಅಭ್ಯಾಸ ದಶಕಗಳಿಂದ ಇದೆ. ಕಾನೂನು ಪ್ರಕಾರ ತಪ್ಪು, ಆದ್ರೂ ಇದೆ. ಒಂದು ಮೀನು ಸಿಗುತ್ತೆ, ಪಕ್ಕದ ಹವಳ ಸಾಯುತ್ತೆ.

ನೀಮೋ ಕಥೆ ಬೇರೆ. ಕ್ಲೌನ್ ಫಿಶ್ಶನ್ನ ನಮ್ಮ ದೇಶದಲ್ಲೇ ಮರಿ ಮಾಡಿಸ್ತಾರೆ, ಕೇಂದ್ರ ಸಾಗರ ಮೀನುಗಾರಿಕೆ ಸಂಶೋಧನಾ ಸಂಸ್ಥೆಯವರು ಅದರ ವಿಧಾನವನ್ನೇ ರೂಪಿಸಿದ್ದಾರೆ. ಹಾಗಾಗಿ ಅದರ ಬಗ್ಗೆ ನನ್ನ ತಕರಾರಿಲ್ಲ. (ಅಂದಹಾಗೆ ಆ ಮೀನೆಲ್ಲ ಹುಟ್ಟೋದು ಗಂಡಾಗಿ. ಗುಂಪಿನ ಹೆಣ್ಣು ಸತ್ರೆ ಮುಂದಿನ ಗಂಡು ಹೆಣ್ಣಾಗುತ್ತೆ. ಆ ಲೆಕ್ಕದಲ್ಲಿ ನೀಮೋ ಅಪ್ಪ ಅಮ್ಮ ಆಗ್ಬೇಕಿತ್ತು. ಸಿನಿಮಾದವರು ಅದನ್ನ ಬಿಟ್ರು.)

4/6
ಈಗ ನನ್ನ ಸಬ್ಜೆಕ್ಟ್. ಲೆಕ್ಕ.

ಏಳು ಅಡಿ ಉದ್ದ, ಎರಡೂವರೆ ಅಗಲ, ಎರಡೂವರೆ ಎತ್ತರ. ಹೆಚ್ಚುಕಮ್ಮಿ 1,240 ಲೀಟರ್. ನೀರೇ ಒಂದೂಕಾಲು ಟನ್. ಗಾಜು, ಕಲ್ಲು, ಕೆಳಗಿನ ಸಂಪ್ ಎಲ್ಲ ಸೇರಿದ್ರೆ ಎರಡು ಟನ್ ಹತ್ರ. ಸಿವಿಲ್ ಓದೋ ಅಣ್ಣನ್ನ ಕೇಳಿದೆ. ಮನೆ ರೂಮಿನ ಸ್ಲ್ಯಾಬಿಗೆ ಚದರ ಮೀಟರಿಗೆ ಸುಮಾರು 200 ಕೆಜಿ ಭಾರ ಹಿಡಿದು ಡಿಸೈನ್ ಮಾಡ್ತಾರಂತೆ. ಈ ಟ್ಯಾಂಕ್ ಕೂರೋ ಜಾಗದಲ್ಲಿ ಅದು 1,200 ದಾಟುತ್ತೆ. ಮಾವನ ಹಾಲ್ ಇರೋದು ಮೊದಲನೇ ಮಹಡಿಯಲ್ಲಿ, ಕೆಳಗೆ ಕಾರ್ ಪಾರ್ಕಿಂಗ್. ಈ ವಿಷಯ ಎಂಜಿನಿಯರಿಗೆ ಹೇಳಿದ್ದೀರಾ ಮಾವ ಅಂದೆ. "ಪ್ಲ್ಯಾನ್ ಆದ್ಮೇಲೆ ಐಡಿಯಾ ಬಂತು ಕಣೇ" ಅಂದ್ರು.

ಕರೆಂಟು. ಲೈಟಿಗೆ 400 ವ್ಯಾಟ್, ದಿನಕ್ಕೆ ಹತ್ತು ಗಂಟೆ. ಪಂಪು, ವೇವ್ ಮೇಕರ್, ಸ್ಕಿಮ್ಮರ್ ಸೇರಿ 200 ವ್ಯಾಟ್, ಇವು ನಿಲ್ಲೋ ಹಾಗಿಲ್ಲ. ಚಿಲ್ಲರ್ 400, ಅರ್ಧ ದಿನ ಓಡುತ್ತೆ ಅಂತಿಟ್ಕೊಳ್ಳಿ. ತಿಂಗಳಿಗೆ 400 ಯೂನಿಟ್ ಮೇಲಾಯ್ತು. ಗೃಹಜ್ಯೋತಿ ಮಿತಿ ಇಡೀ ಮನೆಗೆ 200. ಅಂದ್ರೆ ಈ ಮೀನುಗಳು ಎರಡು ಸಂಸಾರದಷ್ಟು ಕರೆಂಟ್ ತಿಂತವೆ.

ನೀರು. ಎರಡು ವಾರಕ್ಕೊಮ್ಮೆ ಹತ್ತು ಪರ್ಸೆಂಟ್ ಬದಲಾಯಿಸಿದ್ರೂ 120 ಲೀಟರ್ ಆರ್‌ಓ ನೀರು ಬೇಕು, ಆವಿಯಾಗಿ ಹೋಗೋದಕ್ಕೆ ದಿನಾ ತುಂಬೋದು ಬೇರೆ. ಆ 120 ಲೀಟರ್ ತಯಾರಾಗೋಕೆ ಅದಕ್ಕಿಂತ ಜಾಸ್ತಿ ನೀರು ಆರ್‌ಓ ಪೈಪಲ್ಲಿ ಆಚೆ ಹೋಗುತ್ತೆ. ಮನೆ ಇರೋದು ಬೆಂಗಳೂರಲ್ಲಿ. 2024ರ ಮಾರ್ಚ್ ನೆನಪಿದೆಯಾ? ಕುಡಿಯೋ ನೀರಲ್ಲಿ ಕಾರ್ ತೊಳೆದ್ರೆ 5,000 ರೂಪಾಯಿ ದಂಡ ಹಾಕಿದ್ರಲ್ಲ. ಅದೇ ತಿಂಗಳು ಅತ್ತೆ ಟ್ಯಾಂಕರ್‌ನವರಿಗೆ ಫೋನ್ ಮಾಡಿ ಮಾಡಿ ಸಾಕಾಗಿ ನಮ್ಮನೆಗೆ ಬಂದು ನಾಲ್ಕು ದಿನ ಇದ್ರು.

5/6
ಲೆಕ್ಕದಲ್ಲಿ ಬರದೇ ಇರೋದು ಅತ್ತೆ.

ಮಾವ ಬೆಳಗ್ಗೆ ಏಳಕ್ಕೆ ಹೊರಟ್ರೆ ರಾತ್ರಿ ಒಂಬತ್ತಕ್ಕೆ ಬರೋದು. ಉಪ್ಪಿನ ಅಂಶ 35ರ ಆಸುಪಾಸು, ಉಷ್ಣತೆ 25 ಡಿಗ್ರಿ ಆಸುಪಾಸು ಇದೆಯಾ, ಕ್ಯಾಲ್ಸಿಯಂ ಎಷ್ಟಿದೆ ಅಂತ ಯಾರು ನೋಡ್ತಾರೆ? "ಎಎಂಸಿ ಕೊಡ್ತೀನಿ, ವಾರಕ್ಕೊಂದ್ಸಲ ಹುಡುಗ ಬರ್ತಾನೆ" ಅಂತಾರೆ ಮಾವ. ಮಧ್ಯಾಹ್ನ ಕರೆಂಟ್ ಹೋಗಿ ಯುಪಿಎಸ್ ಕೈ ಕೊಟ್ರೆ ಆ ಹುಡುಗ ಇರಲ್ಲ. ಪಂಪು ನಿಂತ್ರೆ ನೀರಲ್ಲಿ ಆಮ್ಲಜನಕ ಇಳಿಯುತ್ತೆ, ಕೆಲವು ಗಂಟೆ ಸಾಕು. ಒಂದು ಸತ್ತು ಕೊಳೆಯೋಕೆ ಶುರುವಾದ್ರೆ ಉಳಿದಿದ್ದೂ ಹೋಗುತ್ತೆ. ಆಗ ಮಗ್ಗಲ್ಲಿ ನೀರು ಎತ್ತಿ ಎತ್ತಿ ಹುಯ್ಯೋರು ಅತ್ತೆ. ಅವರನ್ನ ಯಾರೂ ಕೇಳಿಲ್ಲ. ನಾನು ಕೇಳಿದೆ. "ನಂಗೆ ಅಲ್ಲಿ ಒಂದು ಕಪಾಟು ಸಾಕಿತ್ತು" ಅಂದ್ರು.

6/6
"ಮನೇಲಿ ಬೆಳೆಸಿದ್ರೆ ಹವಳ ಉಳಿಸಿದ ಹಾಗಲ್ವಾ" ಅಂತ ಡಿಎಂ ಮಾಡಿದವರಿಗೆ. ಅಲ್ಲ. ಹಾಲಲ್ಲಿ ಬೆಳೆದಿದ್ದು ಸಮುದ್ರಕ್ಕೆ ವಾಪಸ್ ಹೋಗಲ್ಲ. ಹವಳದ ಮೈಯೊಳಗೆ ಸಣ್ಣ ಪಾಚಿ ವಾಸ ಮಾಡುತ್ತೆ, ಹವಳಕ್ಕೆ ಊಟ, ಬಣ್ಣ ಎರಡೂ ಬಹುಪಾಲು ಅದರದ್ದೇ. ನೀರು ಬಿಸಿಯಾದ್ರೆ ಹವಳ ಆ ಪಾಚಿಯನ್ನ ಹೊರಹಾಕಿ ಬಿಳಿಚಿಕೊಳ್ಳುತ್ತೆ, ಬಿಸಿ ಇಳಿಯದಿದ್ರೆ ಸಾಯುತ್ತೆ. ಜಗತ್ತಿನಾದ್ಯಂತ ಹೀಗೆ ಬಿಳಿಚೋದು ನಾಲ್ಕನೇ ಸಲ ಆಗ್ತಿದೆ ಅಂತ 2024ರ ಏಪ್ರಿಲ್‌ನಲ್ಲಿ ಘೋಷಿಸಿದ್ರು. ಆ ವರ್ಷ ಲಕ್ಷದ್ವೀಪದಲ್ಲೂ ಆಯ್ತು. ಅಲ್ಲಿ ಬಿಸಿಗೆ ಸಾಯೋ ಪ್ರಾಣಿಯನ್ನ ಇಲ್ಲಿ ತಂದು, ತಿಂಗಳಿಗೆ 400 ಯೂನಿಟ್ ಸುಟ್ಟು ತಂಪಾಗಿಟ್ಟು, ಉಳಿಸ್ತಿದ್ದೀವಿ ಅನ್ನೋದಾ?

ಎಲ್ಲಾ ಓದಿ ತಿಳ್ಕೊಂಡು, ಸಾಕಿದಲ್ಲೇ ಹುಟ್ಟಿದ ಮೀನು ತಂದು, ರಾತ್ರಿ ಎದ್ದು ಪಂಪ್ ನೋಡೋರೂ ಇದ್ದಾರೆ. ಅವರ ಮೇಲೆ ನಂಗೆ ಗೌರವ ಇದೆ. ಅವರು ಯಾರೂ ಇಂಟೀರಿಯರ್ ಡಿಸೈನರ್ ಹೇಳಿದ್ರು ಅಂತ ಶುರು ಮಾಡಿದವರಲ್ಲ.

ಮಾವನಿಗೆ ನಾನು ಹೇಳಿದ್ದು: ಹವಳ ನೋಡ್ಬೇಕಾ, ಮುರುಡೇಶ್ವರಕ್ಕೆ ಹೋಗೋಣ. ದೋಣಿಯಲ್ಲಿ ನೇತ್ರಾಣಿ, ಅಲ್ಲಿ ನೀರಿಗಿಳಿದು ನೋಡಿ, ಮುಟ್ಟದೆ ಬನ್ನಿ. ಎಸ್ಟಿಮೇಟಿನ ಚಿಲ್ಲರ್ ಸಾಲಿನ ದುಡ್ಡಲ್ಲೇ ಮನೆಮಂದಿಯೆಲ್ಲ ಹೋಗಿ ಬರಬಹುದು. ಮಾವ ನಕ್ಕರು. ಇಲ್ಲ ಅನ್ನಲಿಲ್ಲ, ಹೂಂ ಅಂತಾನೂ ಅನ್ನಲಿಲ್ಲ. ಗಾಜಿಗೆ ಅಡ್ವಾನ್ಸ್ ಕೊಡೋದು ಮುಂದಿನ ಭಾನುವಾರ.

ಕಮೆಂಟಲ್ಲಿ ಅಂಗಡಿ ಹೆಸರು ಕೇಳ್ಬೇಡಿ, ಹೇಳಲ್ಲ.