ತೆರೆ ಉಳಿಸಿಕೊಂಡದ್ದೇ ನಟಿಯ ಅಳತೆಯೇ?

ಅಮೆರಿಕದ ನಟಿ ಜೂಲಿ ಹ್ಯಾರಿಸ್ ಹೆಸರೆತ್ತಿದರೆ ಹಳೆಯ ಸಿನಿಮಾಗಳ ಗೀಳಿರುವವರು, ‘ಈಸ್ಟ್ ಆಫ್ ಈಡನ್’ ಚಿತ್ರದಲ್ಲಿ ಜೇಮ್ಸ್ ಡೀನ್ ಜೊತೆಗಿದ್ದವರಲ್ಲವೇ ಎನ್ನುತ್ತಾರೆ. ದೆವ್ವದ ಚಿತ್ರಗಳನ್ನು ಹುಡುಕಿ ನೋಡುವವರಾದರೆ 1963ರ ‘ದಿ ಹಾಂಟಿಂಗ್’ ನೆನೆಯುತ್ತಾರೆ. ಎಂಬತ್ತರ ದಶಕದ ಅಮೆರಿಕನ್ ಟಿ.ವಿ. ವೀಕ್ಷಕರಿಗೆ ಆಕೆ ‘ನಾಟ್ಸ್ ಲ್ಯಾಂಡಿಂಗ್’ ಧಾರಾವಾಹಿಯ ಲಿಲಿಮೇ ಎಂಬ ತಾಯಿ. ಇಷ್ಟನ್ನೇ ನಂಬಿದರೆ ಹ್ಯಾರಿಸ್ ಒಬ್ಬ ಒಳ್ಳೆಯ ಪೋಷಕ ನಟಿ ಎಂದು ಬರೆದು ಮುಂದಿನ ಹೆಸರಿಗೆ ಹೋಗಬಹುದು. ಆದರೆ ಇದೇ ಹ್ಯಾರಿಸ್ 1952, 1956, 1969, 1973 ಮತ್ತು 1977ರಲ್ಲಿ, ಒಟ್ಟು ಐದು ಬಾರಿ, ನಾಟಕದ ಶ್ರೇಷ್ಠ ನಟಿಗೆಂದು ಇರುವ ಟೋನಿ ಪ್ರಶಸ್ತಿ ಗೆದ್ದರು. ಅಭಿನಯಕ್ಕೆ ಐದಕ್ಕಿಂತ ಹೆಚ್ಚು ಟೋನಿ ಪಡೆದವರು 2014ರವರೆಗೆ ಯಾರೂ ಇರಲಿಲ್ಲ. ಆ ವರ್ಷ ಆಡ್ರಾ ಮೆಕ್‌ಡೊನಾಲ್ಡ್ ಆರನೆಯದನ್ನು ಗೆದ್ದರು. ಆಸ್ಕರ್‌ಗೆ ಹ್ಯಾರಿಸ್ ನಾಮನಿರ್ದೇಶನಗೊಂಡದ್ದು ಒಂದೇ ಸಲ, ಅದೂ ಬರಲಿಲ್ಲ. ಹೀಗೆ ಎರಡು ಲೆಕ್ಕಗಳು ಇಷ್ಟು ದೂರ ನಿಂತಾಗ ಯಾವುದನ್ನು ನಂಬಬೇಕು? ನಾವು ಸಾಮಾನ್ಯವಾಗಿ, ಯೋಚಿಸದೆಯೇ, ತೆರೆಯ ಲೆಕ್ಕವನ್ನು ನಂಬುತ್ತೇವೆ. ಅದು ತಪ್ಪು ಎಂಬುದು ನನ್ನ ವಾದ. ಸಿನಿಮಾ ಕೀಳು, ನಾಟಕ ಮೇಲು ಎಂಬ ಹಳೆಯ ಜಗಳಕ್ಕೂ ಇದಕ್ಕೂ ಸಂಬಂಧವಿಲ್ಲ. ತೆರೆಯ ಮೇಲೆ ಏನು ಉಳಿಯಿತು, ಏನು ಉಳಿಯಲಿಲ್ಲ ಎಂಬುದನ್ನು ತೀರ್ಮಾನಿಸಿದ್ದು ಅಭಿನಯದ ಗುಣಮಟ್ಟವಲ್ಲ ಎಂಬುದಷ್ಟೇ ಇಲ್ಲಿನ ಪ್ರಶ್ನೆ.

ಏನು ತೀರ್ಮಾನಿಸಿತು ಎಂಬುದಕ್ಕೆ ಸಾಕ್ಷಿ ಬೇಕಾದಷ್ಟಿದೆ. 1947ರಲ್ಲಿ ‘ಎ ಸ್ಟ್ರೀಟ್‌ಕಾರ್ ನೇಮ್ಡ್ ಡಿಸೈರ್’ ನಾಟಕ ನ್ಯೂಯಾರ್ಕಿನ ರಂಗಕೇಂದ್ರವಾದ ಬ್ರಾಡ್‌ವೇಗೆ ಬಂದಾಗ ನಾಯಕಿ ಬ್ಲಾಂಚ್ ಪಾತ್ರ ಮಾಡಿದವರು ಜೆಸಿಕಾ ಟ್ಯಾಂಡಿ. 1951ರಲ್ಲಿ ಅದು ಸಿನಿಮಾ ಆಯಿತು. ಮಾರ್ಲನ್ ಬ್ರ್ಯಾಂಡೊ, ಕಿಮ್ ಹಂಟರ್, ಕಾರ್ಲ್ ಮಾಲ್ಡನ್ ಮೂವರೂ ರಂಗದಿಂದ ನೇರ ತೆರೆಗೆ ಬಂದರು. ಟ್ಯಾಂಡಿಯನ್ನು ಮಾತ್ರ ಬಿಟ್ಟರು. ಪೋಸ್ಟರಿನ ಮೇಲೆ ತಾರೆಯ ಹೆಸರೊಂದು ಬೇಕಿತ್ತು, ಆದ್ದರಿಂದ ವಿವಿಯನ್ ಲೀ ಬಂದರು, ಆಸ್ಕರ್ ಗೆದ್ದರು. ಲೀ ಚೆನ್ನಾಗಿಯೇ ಮಾಡಿದರು, ಅದರಲ್ಲಿ ಎರಡು ಮಾತಿಲ್ಲ. ಆದರೆ ಇಂದು ಬ್ಲಾಂಚ್ ಎಂದರೆ ಲೀ ಮಾತ್ರ. ‘ದಿ ಟೈಮ್ ಆಫ್ ದಿ ಕುಕೂ’ ನಾಟಕಕ್ಕೆ ಶರ್ಲಿ ಬೂತ್ 1953ರಲ್ಲಿ ಟೋನಿ ಪಡೆದರು. ಎರಡು ವರ್ಷದ ಬಳಿಕ ಅದೇ ಕಥೆ ‘ಸಮ್ಮರ್‌ಟೈಮ್’ ಎಂಬ ಚಿತ್ರವಾದಾಗ ಆ ಪಾತ್ರ ಕ್ಯಾಥರೀನ್ ಹೆಪ್‌ಬರ್ನ್ ಪಾಲಾಯಿತು. ಇದು ಒಳ್ಳೆಯವರಿಗೆ ಕೆಟ್ಟವರು ಮಾಡಿದ ಅನ್ಯಾಯದ ಕಥೆಯೂ ಅಲ್ಲ. ಅದೇ ಜೆಸಿಕಾ ಟ್ಯಾಂಡಿಗೆ ಎಂಬತ್ತರ ಹರೆಯದಲ್ಲಿ ‘ಡ್ರೈವಿಂಗ್ ಮಿಸ್ ಡೇಸಿ’ ಆಸ್ಕರ್ ತಂದುಕೊಟ್ಟಿತಲ್ಲ, ರಂಗದ ಮೇಲೆ ಆ ಮುದುಕಿಯನ್ನು ಮೊದಲು ಕಟ್ಟಿ ನಿಲ್ಲಿಸಿದವರು ಡೇನಾ ಐವಿ. ಅವರ ಹೆಸರು ಎಷ್ಟು ಜನಕ್ಕೆ ಗೊತ್ತು? ಒಂದು ಕೈಯಲ್ಲಿ ಕಸಿದುಕೊಂಡ ವ್ಯವಸ್ಥೆಯೇ ಇನ್ನೊಂದು ಕೈಯಲ್ಲಿ ಕೊಟ್ಟಿತು. ಎರಡೂ ಸಲ ಅದು ನೋಡಿದ್ದು ಗಲ್ಲಾಪೆಟ್ಟಿಗೆಯನ್ನು.

ಹ್ಯಾರಿಸ್ ವಿಷಯದಲ್ಲಿ ಸಂಗತಿ ಇನ್ನೂ ಸೂಕ್ಷ್ಮ, ಏಕೆಂದರೆ ಅವರನ್ನು ಬಿಡಲಿಲ್ಲ, ಕರೆದರು. ಕಾರ್ಸನ್ ಮೆಕಲರ್ಸ್ ತಮ್ಮದೇ ಕಾದಂಬರಿಯನ್ನು ನಾಟಕವಾಗಿಸಿದ ‘ದಿ ಮೆಂಬರ್ ಆಫ್ ದಿ ವೆಡ್ಡಿಂಗ್’ 1950ರ ಜನವರಿಯಲ್ಲಿ ನ್ಯೂಯಾರ್ಕಿನ ಎಂಪೈರ್ ರಂಗಮಂದಿರದಲ್ಲಿ ಶುರುವಾಗಿ 501 ಪ್ರದರ್ಶನ ಕಂಡಿತು. ಅಣ್ಣನ ಮದುವೆಯಾದ ಮೇಲೆ ಗಂಡ-ಹೆಂಡಿರ ಜೊತೆ ತಾನೂ ಹೊರಟುಬಿಡಬೇಕೆಂದು ಹಟ ಹಿಡಿಯುವ ಹನ್ನೆರಡು ವರ್ಷದ ಫ್ರ್ಯಾಂಕಿ ಅದರ ನಾಯಕಿ. ಹ್ಯಾರಿಸ್‌ಗೆ ಆಗ ಇಪ್ಪತ್ನಾಲ್ಕು. ಗಂಡುಹುಡುಗನ ಹಾಗೆ ಕತ್ತರಿಸಿದ ಕೂದಲು, ಎಲ್ಲಿಡಬೇಕೋ ತಿಳಿಯದ ಕೈಕಾಲು, ಅಡುಗೆಮನೆಯ ಮೇಜಿನ ಸುತ್ತ ಸುಮ್ಮನೆ ಕೂರಲಾಗದ ಚಡಪಡಿಕೆ. ರಂಗದ ಮೇಲೆ ವಯಸ್ಸು ಕಾಣುವುದು ಮುಖದಲ್ಲಿ ಅಲ್ಲ. ನಡಿಗೆಯಲ್ಲಿ, ಮಂಡಿಯಲ್ಲಿ, ದನಿ ಏರುವ ಜಾಗದಲ್ಲಿ. ಪ್ರೇಕ್ಷಕನೂ ನಟಿಯೂ ಆ ದೂರದಲ್ಲಿ ಕೂಡಿಯೇ ಆ ಹುಡುಗಿಯನ್ನು ಮಾಡಿಕೊಳ್ಳುತ್ತಾರೆ. 1952ರಲ್ಲಿ ಫ್ರೆಡ್ ಝಿನ್ನೆಮನ್ ಇದನ್ನು ಚಿತ್ರ ಮಾಡಿದಾಗ ಎಥೆಲ್ ವಾಟರ್ಸ್, ಪುಟ್ಟ ಬ್ರ್ಯಾಂಡನ್ ಡಿ ವೈಲ್ಡ್, ಹ್ಯಾರಿಸ್ ಮೂವರನ್ನೂ ಹಾಗೆಯೇ ಉಳಿಸಿಕೊಂಡರು. ಪ್ರಾಮಾಣಿಕ ಪ್ರಯತ್ನ. ಆದರೆ ಕ್ಯಾಮೆರಾ ಅಡುಗೆಮನೆಯೊಳಗೇ ಬಂದು ಮುಖಕ್ಕೆ ಮುಖ ಕೊಟ್ಟು ನಿಂತಿತು, ಇಪ್ಪತ್ತಾರರ ಹೆಂಗಸಿನ ಕಣ್ಣಿನ ಅಂಚುಗಳನ್ನು ತೋರಿಸಿತು. ಹಿಂದಿನ ಸಾಲಿಗೆ ಮುಟ್ಟಲೆಂದು ಅಳತೆ ಮಾಡಿದ ಕೈಯ ಬೀಸು ಅಲ್ಲಿ ಅತಿಯಾಗಿ ಕಾಣುತ್ತದೆ. ಆಸ್ಕರ್ ನಾಮನಿರ್ದೇಶನ ಬಂದದ್ದು ಈ ಚಿತ್ರಕ್ಕೇ. ಇಂದು ಇದನ್ನು ನೋಡಿದವರು, ‘ಇದಕ್ಕಾ ಅಷ್ಟು ಹೊಗಳಿದರು?’ ಎಂದು ಕೇಳಿದರೆ ಅವರನ್ನು ತಪ್ಪೆನ್ನಲಾಗದು. ಅವರು ನೋಡುತ್ತಿರುವುದು ಆ ಅಭಿನಯವನ್ನಲ್ಲ, ಅಷ್ಟೇ. ಪಂಕ್ತಿ ಎದ್ದ ಮೇಲೆ ಎಲೆಯಲ್ಲಿ ಉಳಿದದ್ದನ್ನು ನೋಡಿ ಅಡುಗೆಗೆ ಬೆಲೆ ಕಟ್ಟಿದ ಹಾಗಾಯಿತು.

ಮಿಕ್ಕ ಪಾತ್ರಗಳ ಗತಿಯನ್ನು ಬೇಗ ಹೇಳಿಬಿಡಬಹುದು. ಮೊದಲ ಟೋನಿ ತಂದ ‘ಐ ಆಮ್ ಎ ಕ್ಯಾಮೆರಾ’ದ ಸ್ಯಾಲಿ ಬೌಲ್ಸ್ ಪಾತ್ರವನ್ನು ಹ್ಯಾರಿಸ್ 1955ರಲ್ಲಿ ತೆರೆಯ ಮೇಲೂ ಮಾಡಿದರು. ಗರ್ಭಪಾತದ ಪ್ರಸ್ತಾಪವಿದೆಯೆಂದು ಹಾಲಿವುಡ್‌ನ ನೀತಿಸಂಹಿತೆಯವರು ಆ ಚಿತ್ರಕ್ಕೆ ಮುದ್ರೆ ಒತ್ತಲಿಲ್ಲ. ಅದೇ ಕಥೆ ಮುಂದೆ ‘ಕ್ಯಾಬರೆ’ ಎಂಬ ಸಂಗೀತ ನಾಟಕವಾಗಿ, 1972ರಲ್ಲಿ ಚಿತ್ರವಾಗಿ, ಲೈಜಾ ಮಿನೆಲಿಗೆ ಆಸ್ಕರ್ ಕೊಟ್ಟಿತು. ಸ್ಯಾಲಿ ಬೌಲ್ಸ್ ಅಂದಿನಿಂದ ಮಿನೆಲಿಯ ಸ್ವತ್ತು. 1969ರ ಟೋನಿ ತಂದ ‘ಫಾರ್ಟಿ ಕ್ಯಾರಟ್ಸ್’ ಸಿನಿಮಾ ಆದಾಗ ನಾಯಕಿ ಲಿವ್ ಉಲ್ಮನ್. ಹನ್ನೆರಡರ ಹುಡುಗಿ, ಬರ್ಲಿನ್ನಿನ ಹಾಡುಗಾತಿ, ಜೋನ್ ಆಫ್ ಆರ್ಕ್, ಕಿರಿಯವನನ್ನು ಪ್ರೀತಿಸುವ ನಲವತ್ತರ ಹೆಂಗಸು, ಲಿಂಕನ್ನರ ವಿಧವೆ, ಕವಿ ಎಮಿಲಿ ಡಿಕಿನ್‌ಸನ್: ಒಬ್ಬಳೇ ನಟಿಯ ಮೈಯಲ್ಲಿ ಇಷ್ಟೂ ಜನ ಇದ್ದರು ಎಂಬುದನ್ನು ಆಕೆಯ ಸಿನಿಮಾಗಳ ಪಟ್ಟಿ ಹೇಳುವುದೇ ಇಲ್ಲ.

ಇಲ್ಲಿ ಒಂದು ಗಟ್ಟಿಯಾದ ಆಕ್ಷೇಪ ಏಳುತ್ತದೆ. ಕ್ಯಾಮೆರಾ ಸುಳ್ಳನ್ನು ಸಹಿಸುವುದಿಲ್ಲ, ಹತ್ತಿರದಿಂದ ನೋಡಿದಾಗ ನಿಲ್ಲದ ಅಭಿನಯ ದೂರದಿಂದ ಚೆನ್ನಾಗಿ ಕಂಡರೆ ಅದು ದೂರದ ಪುಣ್ಯವೇ ಹೊರತು ನಟಿಯ ಪ್ರತಿಭೆಯಲ್ಲ ಎಂದು ಕೆಲವರು ಹೇಳುತ್ತಾರೆ. ಇದಕ್ಕೆ ಹ್ಯಾರಿಸ್ ಸಿನಿಮಾಗಳೇ ಉತ್ತರ. ‘ದಿ ಹಾಂಟಿಂಗ್’ನಲ್ಲಿ ಆಕೆಯ ಎಲಿನಾರ್ ಕತ್ತಲಲ್ಲಿ ಮಲಗಿ, ಪಕ್ಕದ ಗೆಳತಿ ತನ್ನ ಕೈ ಹಿಡಿದಿದ್ದಾಳೆಂಬ ಧೈರ್ಯದಲ್ಲಿ ಗೋಡೆಯಾಚೆಯ ಸದ್ದು ಕೇಳುತ್ತಿರುತ್ತಾಳೆ. ದೀಪ ಹತ್ತಿದಾಗ ಗೆಳತಿ ಇರುವುದು ಕೋಣೆಯ ಆ ಕಡೆ. ನಿರ್ದೇಶಕ ರಾಬರ್ಟ್ ವೈಸ್ ಯಾವ ದೆವ್ವವನ್ನೂ ತೋರಿಸುವುದಿಲ್ಲ. ಹೆದರಿಕೆಯೆಲ್ಲ ಹ್ಯಾರಿಸ್ ಮುಖದ ಮೇಲೇ ಸುಳಿಯಬೇಕು, ಸುಳಿಯುತ್ತದೆ. ‘ಈಸ್ಟ್ ಆಫ್ ಈಡನ್’ನ ಕೊನೆಯಲ್ಲಿ ಪಾರ್ಶ್ವವಾಯು ಹೊಡೆದು ಮಲಗಿರುವ ಅಪ್ಪನ ಮುಂದೆ ಬಾಗಿ, ಮಗನಿಗೆ ಪ್ರೀತಿಯ ಒಂದು ಸುಳಿವಾದರೂ ಕೊಡಿ ಎಂದು ಹ್ಯಾರಿಸ್ ಮಾಡಿದ ಆಬ್ರಾ ಬೇಡುವ ದೃಶ್ಯದಲ್ಲಿ ದನಿ ಏರುವುದೇ ಇಲ್ಲ. ಡೀನ್ ಎಂಬ ಅಂಕೆಗೆ ಸಿಗದ ಹುಡುಗನನ್ನು ಆ ಚಿತ್ರದುದ್ದಕ್ಕೂ ಸಂಭಾಳಿಸಿದ್ದರಲ್ಲಿ ಹ್ಯಾರಿಸ್ ಪಾಲು ದೊಡ್ಡದು ಎಂದು ನಿರ್ದೇಶಕ ಎಲಿಯಾ ಕಝಾನ್ ತಮ್ಮ ಆತ್ಮಕಥೆಯಲ್ಲಿ ಒಪ್ಪಿಕೊಂಡಿದ್ದಾರೆ. (ಆ ಚಿತ್ರದ ನಾಮಾವಳಿಯಲ್ಲಿ ಮೊದಲು ಬರುವುದು ಹ್ಯಾರಿಸ್ ಹೆಸರು, ಆಮೇಲೆ ಡೀನ್ ಹೆಸರು, ಇದನ್ನು ಎಷ್ಟು ಮಂದಿ ಗಮನಿಸಿರುತ್ತಾರೋ.) ಅಂದರೆ ಹತ್ತಿರದ ಕೆಲಸ ಬಾರದೆ ದೂರವನ್ನು ಆಶ್ರಯಿಸಿದವರಲ್ಲ ಆಕೆ. ಎರಡೂ ಬರುತ್ತಿತ್ತು, ಒಂದರ ಅಳತೆಯನ್ನು ಇನ್ನೊಂದಕ್ಕೆ ಹಿಡಿದಾಗಲೇ ತೊಡಕು. ಇನ್ನು ಕ್ಯಾಮೆರಾ ಸುಳ್ಳಾಡದು ಎಂಬ ನಂಬಿಕೆಯ ಮಾತು. 1912ರಲ್ಲಿ ಚಿತ್ರೋದ್ಯಮಿ ಅಡಾಲ್ಫ್ ಝೂಕರ್ ಅಮೆರಿಕಕ್ಕೆ ತರಿಸಿ ತೋರಿಸಿದ ‘ಕ್ವೀನ್ ಎಲಿಜಬೆತ್’ ಚಿತ್ರದಲ್ಲಿ ರಂಗನಟಿ ಸಾರಾ ಬರ್ನಾರ್ಡ್ ಇದ್ದಾರೆ. ಯುರೋಪಿಡೀ ಮರುಳಾದದ್ದು ಆಕೆಯ ಕಂಠಕ್ಕೆ, ಆ ಚಿತ್ರವೋ ಮೂಕಿ. ಅದನ್ನು ನೋಡಿ ಬರ್ನಾರ್ಡ್ ಬರೀ ಕೈ ಬೀಸುವ ನಟಿ ಎಂದು ನಗುವವರಿದ್ದಾರೆ. ಕ್ಯಾಮೆರಾ ಅಲ್ಲಿ ಸುಳ್ಳು ಹೇಳಲಿಲ್ಲ ನಿಜ, ಅರ್ಧ ಹೇಳಿತು; ಅರ್ಧವನ್ನೇ ಪೂರ್ತಿಯೆಂದು ನಾವು ನಂಬಿದೆವು.

ಎರಡನೆಯ ಆಕ್ಷೇಪ ಸಾಮಾಜಿಕವಾದದ್ದು, ಅದನ್ನು ನಾನು ಹಗುರವಾಗಿ ತಳ್ಳಿಹಾಕಲಾರೆ. ಬ್ರಾಡ್‌ವೇ ಎಂದರೆ ಒಂದು ಊರಿನ ಕೆಲವು ಬೀದಿಗಳು. ಅಲ್ಲಿನ ಟಿಕೇಟಿಗೆ ದುಡ್ಡಿದ್ದವರ, ಅಲ್ಲಿಗೆ ಹೋಗಿ ಬರಲು ಬಿಡುವಿದ್ದವರ ಮೆಚ್ಚುಗೆಯನ್ನು ಲೋಕದ ಮೆಚ್ಚುಗೆ ಎನ್ನಬೇಕೇ? ಹಳ್ಳಿಯ ಟೆಂಟಿಗೂ ತಲುಪುವ ಸಿನಿಮಾ ತಾನೇ ನಿಜವಾದ ಪ್ರಜಾಪ್ರಭುತ್ವ? ‘ನಾಟ್ಸ್ ಲ್ಯಾಂಡಿಂಗ್’ನ ಒಂದು ಸಂಜೆಯ ಕಂತನ್ನು ನೋಡಿದಷ್ಟು ಜನ ಹ್ಯಾರಿಸ್ ನಾಟಕಗಳನ್ನೆಲ್ಲ ಕೂಡಿಸಿದರೂ ನೋಡಿರಲಾರರು. ಈ ಮಾತಿನಲ್ಲಿ ಅರ್ಧ ನ್ಯಾಯವಿದೆ. ಆದರೆ ಎಷ್ಟು ಜನಕ್ಕೆ ಮುಟ್ಟಿತು ಎಂಬುದು ಹಂಚಿಕೆಯ ಪ್ರಶ್ನೆ, ಎಂಥದ್ದು ಮುಟ್ಟಿತು ಎಂಬುದು ಕಲೆಯ ಪ್ರಶ್ನೆ. ನಾಟಕವನ್ನು ನ್ಯೂಯಾರ್ಕಿಗೆ ಕಟ್ಟಿಹಾಕಿದ್ದು ನಟಿಯೂ ಅಲ್ಲ. ದೊಡ್ಡ ಹೆಸರು ಬಂದ ಮೇಲೂ ಊರೂರಿಗೆ ನಾಟಕ ಒಯ್ದವರು ಹ್ಯಾರಿಸ್. ಡಿಕಿನ್‌ಸನ್ ಕುರಿತ ಏಕವ್ಯಕ್ತಿ ನಾಟಕವನ್ನು ಹೊತ್ತು ದೇಶ ಸುತ್ತಿದರು, ‘ಡ್ರೈವಿಂಗ್ ಮಿಸ್ ಡೇಸಿ’ಯ ಸಂಚಾರಿ ತಂಡದಲ್ಲೂ ಮುಖ್ಯ ಪಾತ್ರ ಮಾಡಿದರು.

ಮೂರನೆಯದೇ ಎಲ್ಲಕ್ಕಿಂತ ಕಷ್ಟದ್ದು. ಕಾಣದ ಅಭಿನಯವನ್ನು ದೊಡ್ಡದೆಂದು ನಂಬುವುದು ಹೇಗೆ? ಹಳಬರಿಗೆ ತಾವು ಕಂಡದ್ದೆಲ್ಲ ದೊಡ್ಡದು. ಪರೀಕ್ಷಿಸಲಾಗದ ಕೀರ್ತಿ ದಂತಕಥೆಯೇ ಆಗಿಬಿಡುವುದಿಲ್ಲವೇ? ಇದಕ್ಕೆ ರಂಗನಟಿ ಲಾರೆಟ್ ಟೇಲರ್ ಉದಾಹರಣೆಯನ್ನು ನೋಡಬೇಕು. 1944ರ ಡಿಸೆಂಬರ್ 26ರಂದು ಶಿಕಾಗೋದಲ್ಲಿ, ಮರುವರ್ಷ ಬ್ರಾಡ್‌ವೇಯಲ್ಲಿ, ‘ದಿ ಗ್ಲಾಸ್ ಮೆನಾಜರಿ’ಯ ಅಮಾಂಡಾ ಪಾತ್ರ ಮಾಡಿ 1946ರಲ್ಲಿ ತೀರಿಕೊಂಡವರು ಅವರು. ಸಿನಿಮಾ ಎಂದರೆ ಮೂರು ಮೂಕಿಗಳು, 1938ರಲ್ಲಿ ಸೆಲ್ಜ್‌ನಿಕ್ ಕಂಪನಿಗಾಗಿ ಮಾಡಿದ ಒಂದು ಸ್ಕ್ರೀನ್ ಟೆಸ್ಟ್, ಅಷ್ಟೇ. ಆದರೂ ಅಮೆರಿಕದ ಒಂದಿಡೀ ತಲೆಮಾರಿನ ನಟನಟಿಯರು ತಾವು ಕಂಡ ಅತ್ಯುತ್ತಮ ಅಭಿನಯ ಯಾವುದೆಂದರೆ ಆ ಅಮಾಂಡಾಳನ್ನೇ ಹೆಸರಿಸಿದರು. ಹೀಗೆ ಹೇಳಿದವರು ಅಭಿಮಾನಿಗಳಲ್ಲ, ಅದೇ ಕಸುಬಿನವರು. ಪ್ರತಿಸ್ಪರ್ಧಿಯನ್ನು ಹೊಗಳಿ ಅವರಿಗೆ ಸಿಗುವುದೇನೂ ಇರಲಿಲ್ಲ. ಬೇರೆ ಬೇರೆ ರಾತ್ರಿ ಬೇರೆ ಬೇರೆ ಸಾಲಿನಲ್ಲಿ ಕೂತಿದ್ದವರ ಮಾತು ಒಂದೇ ದಿಕ್ಕಿಗೆ ತಿರುಗಿದರೆ ಅದನ್ನು ಸಾಕ್ಷ್ಯ ಎನ್ನುತ್ತೇವೆ. ಚರಿತ್ರೆಯ ಬಹುಪಾಲನ್ನು ನಾವು ನಂಬಿರುವುದು ಇದಕ್ಕಿಂತ ತೆಳುವಾದ ಸಾಕ್ಷ್ಯದ ಮೇಲೆ. ತಾನ್‌ಸೇನ್ ಹಾಡಿದ್ದನ್ನು ಯಾರೂ ಮುದ್ರಿಸಿಕೊಂಡಿಲ್ಲ, ಹಾಗೆಂದು ಅವನು ದೊಡ್ಡ ಗಾಯಕನಾಗಿರಲಿಲ್ಲ ಎಂದು ಯಾರೂ ವಾದಿಸುವುದಿಲ್ಲ. ಹಾಗಿದ್ದೂ ಆಕ್ಷೇಪ ಪೂರ್ತಿ ಸತ್ತಿಲ್ಲ ಎನ್ನಬೇಕು. ಟೇಲರ್ ಅದ್ಭುತವಾಗಿದ್ದರು ಎಂಬುದು ತಿಳಿಯುತ್ತದೆ. ಏನು ಮಾಡಿ ಅದ್ಭುತವಾದರು ಎಂಬುದು ಅಷ್ಟಾಗಿ ತಿಳಿಯುವುದಿಲ್ಲ. ಹೊಗಳಿಕೆ ಹೇರಳ, ವಿವರ ಕಡಿಮೆ.

ಚಿತ್ರೀಕರಿಸಿಟ್ಟರೆ ಆಯಿತಲ್ಲ ಎನ್ನುವವರಿಗೆ ಹ್ಯಾರಿಸ್ ಐದನೆಯ ಟೋನಿಯ ನಾಟಕ ಒಳ್ಳೆಯ ಪಾಠ. ವಿಲಿಯಂ ಲೂಸ್ ಬರೆದ ‘ದಿ ಬೆಲ್ ಆಫ್ ಆ್ಯಮ್‌ಹರ್ಸ್ಟ್’ 1976ರಲ್ಲಿ ಬ್ರಾಡ್‌ವೇಗೆ ಬಂತು, ಟಿ.ವಿ.ಗಾಗಿಯೂ ಚಿತ್ರೀಕರಣವಾಯಿತು. ಎಮಿಲಿ ಡಿಕಿನ್‌ಸನ್ ಆಗಿ ಹ್ಯಾರಿಸ್ ಬಂದು, ಬಂದವರಿಗೆ ಚಹಾ ನೀಡುತ್ತ, ತಾನು ಮಾಡುವ ಕಪ್ಪು ಕೇಕಿನ ಪಾಕ ಹೇಳುತ್ತಾರೆ. ಆ ಮಾತು ಪ್ರೇಕ್ಷಕರಿಗೇ. ಮನೆಗೆ ಬಂದ ಅತಿಥಿಗಳು ನಾವೇ ಎಂಬ ಸಂಕೋಚ ಸಭಾಂಗಣದಲ್ಲಿ ಹುಟ್ಟಿದರೆ ನಾಟಕ ನಿಂತಿತು. ಚಿತ್ರೀಕರಣದಲ್ಲಿ ಮಾತು, ಮುಖ, ಬೆರಳು ಎಲ್ಲವೂ ಸಿಗುತ್ತವೆ, ಆ ಅತಿಥಿಗಳು ಸಿಗುವುದಿಲ್ಲ. ಬದುಕಿದ್ದಾಗ ಹತ್ತರಷ್ಟು ಕವಿತೆಗಳನ್ನೂ ಅಚ್ಚಿನಲ್ಲಿ ಸರಿಯಾಗಿ ಕಾಣದ ಡಿಕಿನ್‌ಸನ್, ಸತ್ತ ಮೇಲೆ ದೊರೆತ ಸುಮಾರು 1,800 ಕವಿತೆಗಳಿಂದ ಉಳಿದರು. ಆಕೆಯನ್ನು ಅಭಿನಯಿಸಿದವರ ಪಾಡು ಇದಕ್ಕೆ ಪೂರಾ ತಿರುವುಮುರುವು. ಹಾಗೆಂದು ಚಿತ್ರೀಕರಣ ಬೇಡ ಎನ್ನಲಾರೆ. ಅದು ಸಾಕ್ಷಿಗಳಲ್ಲಿ ಒಂದು, ತೀರ್ಪು ಕೊಡುವ ಪಂಚನಲ್ಲ. ನ್ಯೂಯಾರ್ಕ್ ಸಾರ್ವಜನಿಕ ಗ್ರಂಥಾಲಯ 1970ರಿಂದ ರಂಗಪ್ರಯೋಗಗಳನ್ನು ಚಿತ್ರೀಕರಿಸಿ ಇಡುತ್ತ ಬಂದಿದೆ. ಅಧ್ಯಯನದ ಕಾರಣ ಹೇಳಿ, ಅಲ್ಲೇ ಕೂತು ನೋಡಬೇಕು. ಫ್ರ್ಯಾಂಕಿ, ಸ್ಯಾಲಿ ಬೌಲ್ಸ್, ಅಮಾಂಡಾ ಎಲ್ಲರೂ ಅದಕ್ಕೂ ಹಿಂದಿನವರು. ಹ್ಯಾರಿಸ್ ಆಡಿದ ಎಂಪೈರ್ ರಂಗಮಂದಿರವನ್ನೇ 1953ರಲ್ಲಿ ಕೆಡವಿದರು. ಅಲ್ಲಿ ನಡೆದ ಕೊನೆಯ ನಾಟಕ ಶರ್ಲಿ ಬೂತ್ ಅವರ ‘ದಿ ಟೈಮ್ ಆಫ್ ದಿ ಕುಕೂ’.

ಆದ್ದರಿಂದ ಈ ವಾದ ಕೊನೆಗೆ ಹೋಗಿ ನಿಲ್ಲುವುದು ನಾಟಕ ನೋಡಿ ಬರೆಯುವವರ ಮುಂದೆ. ‘ಅಮೋಘ’, ‘ಮನೋಜ್ಞ’, ‘ಪಾತ್ರಕ್ಕೆ ಜೀವ ತುಂಬಿದರು’ ಎಂಬ ವಿಮರ್ಶೆಗಳಿಂದ ಮುಂದಿನವರಿಗೆ ಏನೂ ದಕ್ಕುವುದಿಲ್ಲ. ನಟಿ ಎಲ್ಲಿ ನಿಂತರು, ಯಾವ ಮಾತಿಗೆ ಬೆನ್ನು ತಿರುಗಿಸಿದರು, ಸಭೆ ಯಾವಾಗ ನಕ್ಕಿತು, ಯಾವಾಗ ನಗು ಅರ್ಧಕ್ಕೆ ನಿಂತಿತು, ಮೊದಲ ವಾರಕ್ಕೂ ಐವತ್ತನೆಯ ಪ್ರದರ್ಶನಕ್ಕೂ ಏನು ಬದಲಾಯಿತು ಎಂಬುದನ್ನು ದಯವಿಟ್ಟು ಬರೆಯಿರಿ. ಸಾಧ್ಯವಾದರೆ ಒಂದೇ ನಾಟಕವನ್ನು ಎರಡು ಸಲ ನೋಡಿ ಬರೆಯಿರಿ.