ಬೀಡಿಗೆ ಇದ್ದ ನ್ಯಾಯ ಅಂಗಿಗೂ ಬೇಕು

ನಿಪ್ಪಾಣಿಯ ಓಣಿಗಳಲ್ಲಿ ಬೀಡಿ ಕಟ್ಟುವ ಹೆಣ್ಣುಮಕ್ಕಳ ಪರವಾಗಿ ಈ ದೇಶ ಒಮ್ಮೆ ಒಂದು ದಿಟ್ಟ ಕಾನೂನು ಮಾಡಿತ್ತು. ಅದು 1966ರ ಬೀಡಿ ಮತ್ತು ಸಿಗಾರ್ ಕಾರ್ಮಿಕರ ಕಾಯ್ದೆ. ಅದಕ್ಕೂ ಮೊದಲು ಬೀಡಿ ಕಂಪನಿಯ ಮಾಲೀಕ, 'ಇವರು ನನ್ನ ಕೆಲಸದವರಲ್ಲ, ಗುತ್ತಿಗೆದಾರನ ಕಡೆಯವರು' ಎಂದು ಕೈ ತೊಳೆದುಕೊಳ್ಳಬಹುದಿತ್ತು. ಕಾಯ್ದೆ ಆ ದಾರಿಯನ್ನು ಮುಚ್ಚಿತು. ಮನೆಯಲ್ಲಿ ಕೂತು ಕಟ್ಟಿದರೂ ಅವಳು ಕಾರ್ಮಿಕಳೇ. ನಡುವೆ ಗುತ್ತಿಗೆದಾರ ಇದ್ದರೂ, ಯಾರಿಗಾಗಿ ಕೆಲಸ ನಡೆಯುತ್ತದೋ ಅವನೇ ಮುಖ್ಯ ಮಾಲೀಕ. ಎಲೆ ಕೊಡುವುದರಲ್ಲಿ, ಕಟ್ಟಿದ ಬೀಡಿ ತಿರಸ್ಕರಿಸುವುದರಲ್ಲಿ ತಕರಾರು ಬಂದರೆ ಅದನ್ನು ಬಗೆಹರಿಸಲೂ ಕಾಯ್ದೆಯಲ್ಲಿ ಅವಕಾಶವಿತ್ತು. ಕಂಪನಿಗಳು ಸುಪ್ರೀಂ ಕೋರ್ಟಿನವರೆಗೆ ಹೋದವು. ಮಂಗಳೂರು ಗಣೇಶ ಬೀಡಿ ವರ್ಕ್ಸ್ ಪ್ರಕರಣದಲ್ಲಿ 1974ರಲ್ಲಿ ಕೋರ್ಟು ಕಾಯ್ದೆಯನ್ನು ಎತ್ತಿಹಿಡಿಯಿತು. ಜಾರಿಯಲ್ಲಿ ಲೋಪಗಳಿದ್ದವು, ನಿಜ. ಆದರೆ ಲಾಭ ಯಾರ ಕೈ ಸೇರುತ್ತದೋ ಹೊಣೆಯೂ ಅವರದೇ ಎಂಬ ತತ್ವ ಅಂದೇ ಇತ್ಯರ್ಥವಾಯಿತು.

ಆ ತತ್ವ ಇಂದು ಸಿದ್ಧ ಉಡುಪಿನ ಕಾರ್ಖಾನೆಯ ಬಾಗಿಲಲ್ಲೇ ನಿಂತುಬಿಟ್ಟಿದೆ. ಅಂಗಿಯ ಬೆಲೆ ನಿಗದಿ ಮಾಡುವುದು ವಿದೇಶಿ ಬ್ರಾಂಡು. ಯಾವ ದಿನ ಹಡಗಿಗೆ ಹಾಕಬೇಕು, ಹೊಲಿಗೆ ಎಷ್ಟು ನೇರ ಇರಬೇಕು ಎಂದು ಹೇಳುವುದೂ ಅದೇ. ಆ ಬೆಲೆ, ಆ ಗಡುವು ಕೆಳಗಿಳಿದು ಬಂದು ಲೈನಿನಲ್ಲಿ ಕೂತವಳಿಗೆ ಗಂಟೆಯ ಟಾರ್ಗೆಟ್ ಆಗುತ್ತದೆ, ಸೂಪರ್‌ವೈಸರನ ಬೈಗುಳ ಆಗುತ್ತದೆ. ಪಗಾರದ ಪ್ರಶ್ನೆ ಬಂದಾಗ ಮಾತ್ರ ಬ್ರಾಂಡು, 'ನಾವು ಬರೀ ಖರೀದಿದಾರರು' ಅನ್ನುತ್ತದೆ.

ಈ ಮಾತು ನಮ್ಮ ಬೆಳಗಾವಿ ಜಿಲ್ಲೆಯ ರಾಯಬಾಗ, ಚಿಕ್ಕೋಡಿ, ಅಥಣಿ ಭಾಗಕ್ಕೆ ಯಾಕೆ ಬೇಕು? ಗಾರ್ಮೆಂಟ್ಸ್ ಉದ್ಯಮ ಬೆಂಗಳೂರು ಬಿಟ್ಟು ಜಿಲ್ಲೆ, ತಾಲೂಕುಗಳತ್ತ ಸರಿಯುತ್ತಿದೆ. ಹಿಂದುಳಿದ ಭಾಗಕ್ಕೆ ಬರುವವರಿಗೆ ರಾಜ್ಯದ ಜವಳಿ ಮತ್ತು ಸಿದ್ಧ ಉಡುಪು ನೀತಿ ಬಂಡವಾಳಕ್ಕೂ ವಿದ್ಯುತ್ತಿಗೂ ಸಬ್ಸಿಡಿ ಕೊಡುತ್ತದೆ, ಮಾಲೀಕರು ಕಟ್ಟಬೇಕಾದ ಪಿ.ಎಫ್., ಇ.ಎಸ್.ಐ. ಪಾಲಿಗೂ ನೆರವು ಕೊಡುತ್ತದೆ. ಕಾರ್ಖಾನೆ ಬರಲಿ. ದಿಗ್ಗೇವಾಡಿಯಂಥ ಊರಿನ ಹುಡುಗಿಗೆ ಕಬ್ಬಿನ ಗದ್ದೆಯ ಕೂಲಿಯಾಚೆ ತಿಂಗಳ ಪಗಾರದ ಕೆಲಸ ಸಿಗಲಿ. ಆದರೆ ನಮ್ಮ ತೆರಿಗೆಯ ಹಣ ಪಡೆದು ಬರುವವರು ನಮ್ಮ ಮಕ್ಕಳನ್ನು ಹೇಗೆ ನಡೆಸಿಕೊಳ್ಳುತ್ತಾರೆ ಎಂದು ಬರುವ ಮೊದಲೇ ಕೇಳುವ ಹಕ್ಕು ನಮಗಿದೆ.

ಶ್ರೀರಂಗಪಟ್ಟಣದಲ್ಲಿ ಏನಾಯಿತು ನೋಡಿ. 2020ರ ಜೂನ್‌ನಲ್ಲಿ, ಕೊರೊನಾ ನಡುವೆ, ಗೋಕಲ್‌ದಾಸ್ ಎಕ್ಸ್‌ಪೋರ್ಟ್ಸ್ ಅಲ್ಲಿನ ಘಟಕಕ್ಕೆ ಬಾಗಿಲು ಹಾಕಿತು. ಸುಮಾರು 1,200 ಜನ ಬೀದಿಗೆ ಬಿದ್ದರು. ಆ ಘಟಕ ಎಚ್ ಅಂಡ್ ಎಂ ಬ್ರಾಂಡಿಗೆ ಬಟ್ಟೆ ಹೊಲಿಯುತ್ತಿತ್ತು. ಸಂಘಟನೆ ಗಟ್ಟಿಯಾಗಿದ್ದ ಘಟಕವೂ ಹೌದು. ಹೆಣ್ಣುಮಕ್ಕಳು ವಾರಗಟ್ಟಲೆ ಗೇಟಿನ ಮುಂದೆ ಧರಣಿ ಕೂತರು. ಅವರ ಸಂಘದ ಹೋರಾಟಕ್ಕೆ ಹೊರದೇಶಗಳಿಂದಲೂ ಬೆಂಬಲ ಸೇರಿ ಬ್ರಾಂಡಿನ ಮೇಲೆ ಒತ್ತಡ ಬಿದ್ದಿತು. 2021ರ ಆರಂಭದಲ್ಲಿ ಮರುನೇಮಕದ ಒಪ್ಪಂದ ಆಯಿತು.

ಅದೇ ವರ್ಷಗಳ ತುಟ್ಟಿಭತ್ಯೆಯ ಕಥೆ ಇನ್ನೂ ಕಹಿ. 2020ರ ಏಪ್ರಿಲ್‌ನಿಂದ ಸಿಗಬೇಕಿದ್ದ ತಿಂಗಳಿಗೆ ಸುಮಾರು 417 ರೂಪಾಯಿಯನ್ನು ರಾಜ್ಯ ಸರ್ಕಾರವೇ ಮುಂದೂಡಿತು. ಅದೇ ಸೆಪ್ಟೆಂಬರ್‌ನಲ್ಲಿ ಹೈಕೋರ್ಟು ಕಾರ್ಮಿಕರ ಪರ ಹೇಳಿದ ಮೇಲೂ ಉದ್ಯಮ ಕೊಡಲಿಲ್ಲ. ನಾಲ್ಕು ಲಕ್ಷಕ್ಕೂ ಹೆಚ್ಚು ಕಾರ್ಮಿಕರಿಗೆ ಕನಿಷ್ಠ ವೇತನದ ಈ ಪಾಲು ಬಾಕಿ ಇದೆ ಎಂದು ಅಮೆರಿಕದ ವರ್ಕರ್ ರೈಟ್ಸ್ ಕನ್ಸೋರ್ಟಿಯಂ 2021ರ ಕೊನೆಗೆ ಬಯಲಿಗಿಟ್ಟಿತು. ದೊಡ್ಡ ಬ್ರಾಂಡುಗಳ ಹೆಸರು ಪತ್ರಿಕೆಗಳಲ್ಲಿ ಬಂದ ಮೇಲೆಯೇ, 2022ರಲ್ಲಿ, ರಾಜ್ಯದ ಅತಿದೊಡ್ಡ ಉಡುಪು ರಫ್ತುದಾರ ಶಾಹಿ ಎಕ್ಸ್‌ಪೋರ್ಟ್ಸ್ ಬಾಕಿ ಕೊಡಲು ಒಪ್ಪಿತು. ಹೈಕೋರ್ಟಿನ ಮಾತಿಗೆ ಬಗ್ಗದವರು ಖರೀದಿದಾರನ ಮಾತಿಗೆ ಬಗ್ಗಿದರು. ಅಧಿಕಾರ ನಿಜವಾಗಿ ಯಾರ ಕೈಯಲ್ಲಿದೆ ಎಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕೆ?

'ಕಾರ್ಮಿಕರ ಹಕ್ಕಿನ ನಿಯಮ ಬಿಗಿ ಮಾಡಿದರೆ ಆರ್ಡರೆಲ್ಲ ಬಾಂಗ್ಲಾದೇಶಕ್ಕೆ ಹೋಗುತ್ತದೆ' ಎಂದು ಉದ್ಯಮ ಹೆದರಿಸುತ್ತದೆ. 2025ರ ಏಪ್ರಿಲ್‌ನಲ್ಲಿ ಸರ್ಕಾರ ಕನಿಷ್ಠ ವೇತನದ ಕರಡು ಹೊರಡಿಸಿದಾಗಲೂ ಉದ್ಯಮ ಸಂಘಗಳು ವಿರೋಧಕ್ಕೆ ನಿಂತವು. ಬಾಂಗ್ಲಾದೇಶವನ್ನೇ ನೋಡೋಣ. 2013ರ ಏಪ್ರಿಲ್ 24ರಂದು ಗಾರ್ಮೆಂಟ್ಸ್ ಕಾರ್ಖಾನೆಗಳಿದ್ದ ರಾಣಾ ಪ್ಲಾಜಾ ಕಟ್ಟಡ ಕುಸಿದು 1,100ಕ್ಕೂ ಹೆಚ್ಚು ಜನ ಸತ್ತರು. ಆಮೇಲೆ ಅಲ್ಲಿ ಕಟ್ಟಡ ಮತ್ತು ಬೆಂಕಿ ಸುರಕ್ಷತೆಗಾಗಿ ಬ್ರಾಂಡುಗಳೂ ಕಾರ್ಮಿಕ ಸಂಘಗಳೂ ಕಾನೂನುಬದ್ಧ ಒಪ್ಪಂದಕ್ಕೆ ಸಹಿ ಹಾಕಿದವು. ಉದ್ಯಮ ಅಲ್ಲಿಂದ ಓಡಿಹೋಗಲಿಲ್ಲ, ರಫ್ತು ಬೆಳೆಯಿತು. ಪಕ್ಕದ ತಮಿಳುನಾಡಿನ ದಿಂಡಿಗಲ್‌ನಲ್ಲಿ, ಗಾರ್ಮೆಂಟ್ಸ್ ಕೆಲಸದ ಒಬ್ಬ ದಲಿತ ಯುವತಿಯ ಕೊಲೆಯ ನಂತರ, 2022ರಲ್ಲಿ ಇಂಥದೇ ಒಪ್ಪಂದ ಆಯಿತು. ಲೈಂಗಿಕ ಕಿರುಕುಳ ತಡೆಯದ ಕಾರ್ಖಾನೆಗೆ ಬ್ರಾಂಡಿನಿಂದ ವ್ಯಾಪಾರದ ಪೆಟ್ಟು ಬೀಳುತ್ತದೆ ಎಂಬುದೇ ಅದರ ಬಲ. ಆಗದು ಎಂದದ್ದು ಎರಡು ಕಡೆ ಆಗಿದೆ.

1966ರ ಕಾಯ್ದೆ ಈಗ ಕಾರ್ಮಿಕ ಸಂಹಿತೆಯಲ್ಲಿ ಸೇರಿಹೋಗಿದೆ. ಅದರ ತತ್ವ ಕಳೆದುಹೋಗಬಾರದು. ಸರ್ಕಾರದ ಮುಂದೆ ಮೂರು ಬೇಡಿಕೆ ಇಡೋಣ. ಸಬ್ಸಿಡಿ ಪಡೆಯುವ ಪ್ರತಿ ಕಾರ್ಖಾನೆ ತಾನು ಯಾವ ಬ್ರಾಂಡಿಗೆ ಹೊಲಿಯುತ್ತದೆ ಎಂದು ಗೇಟಿನ ಮೇಲೆ ಕನ್ನಡದಲ್ಲಿ ಬರೆಯಲಿ. ಕನಿಷ್ಠ ವೇತನ, ಪಿ.ಎಫ್. ಬಾಕಿ ಉಳಿಸಿದರೆ, ಸಂಘ ಕಟ್ಟಿದವರನ್ನು ಹೊರಹಾಕಿದರೆ ಕೊಟ್ಟ ಸಬ್ಸಿಡಿ ವಾಪಸ್ ಬರಲಿ. ಕಾರ್ಖಾನೆ ಮುಚ್ಚಿದರೆ ಕಾರ್ಮಿಕರ ಬಾಕಿಗೆ ಬ್ರಾಂಡೂ ಹೊಣೆ ಎಂದು ರಾಜ್ಯ ಕಾನೂನು ಮಾಡಲಿ.

ಬೆಳಗಾವಿ ಜಿಲ್ಲೆಯ ಶಾಸಕರು ಸುವರ್ಣಸೌಧದ ಅಧಿವೇಶನದಲ್ಲಿ ಗಾರ್ಮೆಂಟ್ಸ್ ಕಾರ್ಖಾನೆ ಬೇಡುವುದಾದರೆ ಈ ಷರತ್ತುಗಳ ಜೊತೆಗೇ ಬೇಡಲಿ. ಷರತ್ತಿಲ್ಲದೆ ತರುವ ಕಾರ್ಖಾನೆ ನಮ್ಮ ಹೆಣ್ಣುಮಕ್ಕಳ ಅಗ್ಗದ ದುಡಿಮೆಯನ್ನು ನಮ್ಮದೇ ಹಣದಲ್ಲಿ ಮಾರಿದಂತೆ.